ದೋಟಿ ಉವಾಚ: ಸಡಿಲ ಇರುವುದೆಲ್ಲಿ?

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಮರ ಹತ್ತುವವರು ಕಡಿಮೆಯಾದಂತೆ ಕಾರ್ಬನ್ ಫೈಬರ್ ದೋಟಿಯ ಮರ್ಯಾದೆ ಏರಿದೆ. ನೆಲದಲ್ಲೇ ನಿಂತು ಮದ್ದು ಬಿಡಬಹುದು, ಗೊನೆ ಇಳಿಸಬಹುದು. ಆದರೆ ಕೀಲು ಅಲುಗಾಡತೊಡಗಿದ ದೋಟಿಯ ಮರ್ಯಾದೆ ಅಲ್ಲಿಗೆ ಮುಗಿಯಿತು. ಅದು ಹಟ್ಟಿಯ ಮಾಡಿನಡಿ ಸೇರುತ್ತದೆ, ಯಜಮಾನರು ಹೊಸದರ ಸಹಾಯಧನಕ್ಕೆ ಅರ್ಜಿ ಹಿಡಿದು ಹೊರಡುತ್ತಾರೆ. ಹಾಗೆ ಮೂಲೆಗುಂಪಾದ ದೋಟಿಯೊಂದರ ಕಾಲ್ಪನಿಕ ಸಂದರ್ಶನ ಇಲ್ಲಿದೆ.

ಪ್ರಶ್ನೆ: ನಿಮಗೆ ವಯಸ್ಸಾಯಿತಂತೆ, ತಲೆ ನಿಲ್ಲುವುದಿಲ್ಲವಂತೆ?

ದೋಟಿ: ವಯಸ್ಸಲ್ಲ ಮಾರಾಯ್ರೇ, ಲೆಕ್ಕ. ನನ್ನ ಮೈಯೆಂದರೆ ಒಂದರೊಳಗೊಂದು ಸೇರುವ ಕೊಳವೆಗಳು. ಎಳೆದು ಉದ್ದ ಮಾಡಿದಾಗ ಒಳಕೊಳವೆಯ ಬುಡದ 20 ಸೆಂಟಿಮೀಟರ್ ಮಾತ್ರ ಹೊರಕೊಳವೆಯೊಳಗೆ ಉಳಿಯಿತು ಅಂತಿಟ್ಟುಕೊಳ್ಳಿ. ಅಲ್ಲಿ ಒಂದೇ ಮಿಲಿಮೀಟರ್ ಸಡಿಲವಿದ್ದರೆ 10 ಮೀಟರ್ ಮೇಲಿನ ತುದಿ 5 ಸೆಂಟಿಮೀಟರ್ ಸರಿಯುತ್ತದೆ. ಎತ್ತರ ಸಾಲದೆಂದು ಗುರುತು ಮೀರಿ ಎಳೆದು, ಒಳಗುಳಿಯುವ ಭಾಗವನ್ನು 10 ಸೆಂಟಿಮೀಟರಿಗೆ ಇಳಿಸಿದಿರೋ, ತುದಿಯ ಓಲಾಟ ಇಮ್ಮಡಿ. ಮೂರು ನಾಲ್ಕು ಕೀಲುಗಳಿದ್ದರೆ ಒಂದರ ತಪ್ಪಿಗೆ ಇನ್ನೊಂದರದ್ದು ಕೂಡಿಕೊಳ್ಳುತ್ತದೆ. ಆಗ ಗೊನೆಗೆ ಬೀಳಬೇಕಾದ ಮದ್ದು ಸೋಗೆಗೆ ಬೀಳುತ್ತದೆ. ತಪ್ಪಿದ್ದು ಬುಡದ ಕೀಲಿನಲ್ಲಿ, ಬೈಗುಳ ತುದಿಯ ನಳಿಗೆಗೆ. ಆಡಳಿತದಲ್ಲಿ ಪಳಗಿದವರಿಗೆ ಇದು ಹೊಸತೇನಲ್ಲ.

ಪ್ರಶ್ನೆ: ಕ್ಲಾಂಪಿನ ಬೋಲ್ಟ್ ಬಿಗಿ ಮಾಡಿದರೆ ಆಯಿತಲ್ಲ? ಅದಕ್ಕೆ ಇಷ್ಟು ದೊಡ್ಡ ಭಾಷಣ ಯಾಕೆ?

ದೋಟಿ: ಬೋಲ್ಟ್ ಸಡಿಲವಾಗಿದ್ದರೆ ಖಂಡಿತ ಬಿಗಿ ಮಾಡಿ. ಆದರೆ ಒಳಕೊಳವೆಯನ್ನು ನಿಲ್ಲಿಸುವ ಜಾಗ ಎರಡುಂಟು: ಬಾಯಿಯಲ್ಲಿರುವ ಕ್ಲಾಂಪ್, ಮತ್ತು ಕಣ್ಣಿಗೆ ಕಾಣದಂತೆ ಒಳಗಿರುವ ಬುಡ. ಬುಡ ಸವೆದಿದ್ದರೆ ಬಾಯಿಯನ್ನು ಎಷ್ಟು ಹಿಸುಕಿದರೂ ಓಲಾಟ ನಿಲ್ಲದು. ಹಟ ಹಿಡಿದು ಹಿಸುಕಿದರೆ ನನ್ನ ತೆಳು ಕೊಳವೆಯೇ ಬಿರಿಯುತ್ತದೆ. ಉದ್ದಕ್ಕೆ ಬಿದ್ದ ಭಾರವನ್ನು ಹೊರುವ ಕಾರ್ಬನ್ ಎಳೆಗಳು ಅಡ್ಡ ಹಿಸುಕುವಿಕೆಯನ್ನು ತಾಳುವುದಿಲ್ಲ. ತೂತು ಕೊರೆದು ಸ್ಕ್ರೂ ಹಾಕುವ ಪಂಡಿತರು ಆ ಎಳೆಗಳನ್ನೇ ಕಡಿಯುತ್ತಾರೆ. ಎಂ-ಸೀಲ್ ಮೆತ್ತುವವರು ಅಲುಗಾಟದ ಜೊತೆಗೆ ನಾನು ಮಡಚುವುದನ್ನೂ ನಿಲ್ಲಿಸಿಬಿಡುತ್ತಾರೆ. ಸರಿಯಾದ ಚಿಕಿತ್ಸೆಗೆ ಅಷ್ಟು ಶೌರ್ಯ ಬೇಡ. ಒಳಕೊಳವೆಯನ್ನು ಪೂರ್ತಿ ಹೊರತೆಗೆದು, ತೊಳೆದು, ಒಣಗಿಸಿ, ಬುಡಕ್ಕೆ ತೆಳು ಟೇಪನ್ನು ಒಂದೊಂದೇ ಸುತ್ತು ಸುತ್ತಬೇಕು. ಜಾರಬೇಕು, ಓಲಾಡಬಾರದು, ಅಲ್ಲಿಗೆ ನಿಲ್ಲಿಸಬೇಕು. ಹೊರದೇಶಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಕಡಲತೀರದಲ್ಲಿ ನಾಣ್ಯ ಹುಡುಕುವವರಿದ್ದಾರೆ. ಆ ಯಂತ್ರದ ಕೋಲೂ ಕೊಳವೆಯೊಳಗೆ ಕೊಳವೆ, ಅದರ ಕೀಲೂ ಮರಳು ಸೇರಿ ಸಡಿಲವಾಗುತ್ತದೆ. ಅವರ ನಿಧಿ ನೆಲದಡಿಯಲ್ಲಿ, ನಿಮ್ಮದು ಮರದ ತುದಿಯಲ್ಲಿ. ಕಾಯಿಲೆ ಒಂದೇ, ಮದ್ದೂ ಒಂದೇ.

ಪ್ರಶ್ನೆ: ಅಷ್ಟು ಬೇಗ ಸವೆಯುವುದೆಂದರೆ ಮಾಲೇ ಕಳಪೆ ಅಂತಲ್ಲವೇ?

ದೋಟಿ: ಕಳಪೆ ಮಾಲು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಒಳ್ಳೆಯ ಮಾಲೂ ಹೇಗೆ ಹಾಳಾಗುತ್ತದೆ ಕೇಳಿ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು: ಶೇಕಡಾ 1ರ ಬೋರ್ಡೋ ದ್ರಾವಣದ ಈ ಲೆಕ್ಕ ನಿಮ್ಮ ಮನೆಗಳಲ್ಲಿ ಬಾಯಿಪಾಠ. ಹದ ಸರಿಯಾಯಿತೇ ಎಂದು ಕಬ್ಬಿಣದ ಕತ್ತಿ ಅದ್ದಿ ನೋಡುತ್ತೀರಿ. ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸುತ್ತೀರಿ. ಅದೇ ದ್ರಾವಣ ನನ್ನ ಮೈಮೇಲೆ ಇಳಿದು, ಕೀಲಿನ ಸಂದಿಯಲ್ಲಿ ಒಣಗಿ ಹುಡಿಯಾಗುತ್ತದೆ. ಮರುದಿನ ಕೊಳವೆ ಎಳೆದಾಗ ಆ ಹುಡಿ ಉಜ್ಜುಕಾಗದದಂತೆ ಉಜ್ಜುತ್ತದೆ. ಕ್ಲಾಂಪ್ ಅಲ್ಯೂಮಿನಿಯಮಿನದ್ದಾದರೆ ಇನ್ನೊಂದು ಸಂಕಟ ಉಂಟು: ಒದ್ದೆಯಲ್ಲಿ ಕಾರ್ಬನ್ನಿಗೆ ತಾಗಿಕೊಂಡಿರುವ ಅಲ್ಯೂಮಿನಿಯಂ ತಾನೇ ಕರಗುತ್ತಾ ಬರುತ್ತದೆ. ಸಂಜೆ ಎರಡು ಕೊಡ ನೀರು ಹೊಯ್ದಿದ್ದರೆ ಇಷ್ಟು ರಾದ್ಧಾಂತ ಇರುತ್ತಿರಲಿಲ್ಲ. ಮದ್ದಿನ ಹದಕ್ಕೆ ಪರೀಕ್ಷೆ ಉಂಟು, ಮದ್ದು ಬಿಡುವವನಿಗೆ ಸ್ನಾನ ಉಂಟು, ನನಗೆ ಮಾತ್ರ ಹಟ್ಟಿಯ ಮೂಲೆ.

ಪ್ರಶ್ನೆ: ಸಹಾಯಧನದಲ್ಲಿ ಹೊಸದೇ ಸಿಗುವಾಗ ಹಳೆಯದಕ್ಕೆ ಟೇಪ್ ಸುತ್ತುವ ಗ್ರಹಚಾರ ಯಾಕೆ?

ದೋಟಿ: ಅಡಿಕೆಯ ಕೊಳೆರೋಗ ಇಲಾಖೆಯ ಸಹಾಯಧನದ ಪಟ್ಟಿ ನೋಡಿ ಬರುವುದಿಲ್ಲ. ಮಳೆ ಹಿಡಿಯುವ ಮುಂಚೆ ಒಮ್ಮೆ, 40–45 ದಿನ ಕಳೆದು ಇನ್ನೊಮ್ಮೆ ಮದ್ದು ಬೀಳಬೇಕು. ಎರಡನೆಯದು ಬರುವುದು ಆಟಿಯ ಮಳೆಯ ನಡುವೆ. ಹೊಳವಾದ ಒಂದೆರಡು ದಿನದಲ್ಲಿ ಕೆಲಸ ಮುಗಿಯಬೇಕು. ಆ ಹೊತ್ತಿಗೆ ಕೀಲು ಕೈಕೊಟ್ಟರೆ ಮುಂದಿನ ವರ್ಷದ ಸಹಾಯಧನ ಯಾವ ಗೊನೆಯನ್ನು ಉಳಿಸುತ್ತದೆ? ಮೈಸೂರು ಸಂಸ್ಥಾನದಲ್ಲಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಅಧ್ಯಯನ ಪ್ರಕಟಿಸಿದ್ದು 1910ರಲ್ಲಿ. ನೂರು ವರ್ಷ ದಾಟಿದರೂ ನೀವು ನೆಚ್ಚಿರುವುದು ಅದೇ ಬೋರ್ಡೋ ದ್ರಾವಣವನ್ನು. ಮದ್ದು ಗೊತ್ತಿಲ್ಲದ್ದು ನಿಮ್ಮ ಸಮಸ್ಯೆಯಲ್ಲ, ಅದನ್ನು ಹೊತ್ತಿಗೆ ಸರಿಯಾಗಿ ಮೇಲೆ ಮುಟ್ಟಿಸುವುದು ಸಮಸ್ಯೆ. 2023ರ ಫೆಬ್ರವರಿಯಲ್ಲಿ ಪುತ್ತೂರಿನಲ್ಲಿ ಕೃಷಿ ಯಂತ್ರ ಮೇಳ ನಡೆಯಿತು. ಮೇಳ ಬೇಕು, ಬೇಡವೆನ್ನುವುದಿಲ್ಲ. ಆದರೆ ಯಂತ್ರ ಹೊಳೆಯುವುದು ಫೆಬ್ರವರಿಯ ಮೈದಾನದಲ್ಲಿ, ಸಡಿಲವಾಗುವುದು ಜುಲೈಯ ತೋಟದಲ್ಲಿ. ಖರೀದಿಗೆ ಫೋಟೋ ಉಂಟು, ರಿಪೇರಿಗೆ ಇಲ್ಲ.

ಪ್ರಶ್ನೆ: ಸ್ವಲ್ಪ ಅಲುಗಾಡಿದರೆ ಏನಂತೆ? ಹೊಂದಿಕೊಂಡು ಹೋಗಬಾರದೇ?

ದೋಟಿ: ಹೊಂದಿಕೊಳ್ಳುವುದಕ್ಕೂ ಮಿತಿ ಉಂಟು. ಕಾರ್ಬನ್ ಲೋಹವಲ್ಲ, ಹಾಗಾಗಿ ಕರೆಂಟು ಹಿಡಿಯುವುದಿಲ್ಲ ಎಂದು ನಂಬಿದವರಿದ್ದಾರೆ. ಶುದ್ಧ ಸುಳ್ಳು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ಮಳೆಯಲ್ಲಿ ನೆನೆದ ಮೈಯಾದರೆ ಕೇಳುವುದೇ ಬೇಡ. ತೋಟದ ಮೇಲೆ ತಂತಿ ಹಾದುಹೋಗುವಲ್ಲಿ, ಎತ್ತ ವಾಲುತ್ತೇನೆಂದು ಹಿಡಿದವರಿಗೇ ಗೊತ್ತಿರದ ದೋಟಿ ಕೈಯಲ್ಲಿದ್ದರೆ ನಷ್ಟ ಅಡಿಕೆಯದ್ದಲ್ಲ, ಜೀವದ್ದು. ಕೀಲು ಗಟ್ಟಿಯಿದ್ದರೂ ತಂತಿಯ ಹತ್ತಿರ ನನ್ನನ್ನು ಎತ್ತಬೇಡಿ. ಸಡಿಲವಿದ್ದರೆ ಎಲ್ಲಿಯೂ ಎತ್ತಬೇಡಿ.

ದೋಟಿಯ ವಾದದಲ್ಲಿ ಒಂದು ಕೊರತೆಯಿದೆ: ಎಲ್ಲ ಕೃಷಿಕರಿಗೂ ಕೀಲು ಬಿಚ್ಚುವ ಪುರುಸೊತ್ತು, ಕೈಚಳಕ ಇರುವುದಿಲ್ಲ. ಆದರೆ ಈ ಕೊರತೆ ಹೊಸ ಖರೀದಿಗೆ ಸಮರ್ಥನೆಯಾಗದು. ರಿಪೇರಿ ಕೈಗೆಟಕುವಂತಿರಬೇಕು ಎಂಬುದಕ್ಕೇ ಆಧಾರವಾಗುತ್ತದೆ. ಮೈಲುತುತ್ತು ಮಾರುವ ಸೊಸೈಟಿಯಲ್ಲೇ ಕ್ಲಾಂಪ್, ಬೋಲ್ಟ್, ಬುಡದ ಬುಷ್ ಸಿಗಲಿ. ದೋಟಿ ಹಿಡಿಯಲು ಕಲಿಸುವ ತರಬೇತಿಯಲ್ಲಿ ಕೀಲು ಬಿಚ್ಚಿ ಜೋಡಿಸುವುದನ್ನೂ ಕಲಿಸಲಿ. ಸಹಾಯಧನದ ಅರ್ಜಿಯಲ್ಲಿ ಬಿಡಿಭಾಗಕ್ಕೂ ಒಂದು ಕಲಂ ಇರಲಿ. ಅದೆಲ್ಲ ಆಗುವವರೆಗೆ ಓದುಗರಲ್ಲಿ ಕೋರಿಕೆ ಇಷ್ಟೇ: ಮೇ ತಿಂಗಳಲ್ಲಿ, ಮೈಲುತುತ್ತು ತರುವ ಮುಂಚೆ, ದೋಟಿಯನ್ನು ಕೆಳಗಿಳಿಸಿ ಒಂದೊಂದು ಕೀಲನ್ನೂ ಅಲುಗಿಸಿ ನೋಡಿ.