ಕಣ್ಣು ಮುಚ್ಚಿದರೆ ಧ್ಯಾನವೇ?

ನಾಗಪುರದ ಬಳಿಯ ಕೋರಾಡಿಯ ಮಹಾಲಕ್ಷ್ಮಿ ಜಗದಂಬೆಯ ಮುಂದೆ ಕಣ್ಣು ಮುಚ್ಚಿ ನಿಂತವರನ್ನು ಒಮ್ಮೆ ಕಣ್ಣು ಬಿಟ್ಟು ನೋಡಬೇಕು ಸ್ವಾಮಿ. ಒಬ್ಬರ ತುಟಿ ಪಿಟಿಪಿಟಿ ಅನ್ನುತ್ತಿರುತ್ತದೆ. ಅದು ಜಪವೋ, ಮಗನ ನೌಕರಿಯ ಅರ್ಜಿಯೋ, ಆ ತಾಯಿಗೇ ಗೊತ್ತು. ಪಕ್ಕದವರದು ಒಂದೇ ಕಣ್ಣು ಮುಚ್ಚಿದೆ. ಇನ್ನೊಂದಕ್ಕೆ ಹೊರಗೆ ಬಿಟ್ಟ ಹೊಸ ಚಪ್ಪಲಿಯದೇ ಧ್ಯಾನ. ದೇವಿ ಬೆಳಿಗ್ಗೆ ಬಾಲೆ, ಮಧ್ಯಾಹ್ನ ತರುಣಿ, ಸಂಜೆಗೆ ವೃದ್ಧೆಯಾಗಿ ಕಾಣುತ್ತಾಳೆಂದು ಭಕ್ತರ ನಂಬಿಕೆ. ದಿನಕ್ಕೆ ಮೂರೇ ರೂಪ! ನಮ್ಮ ಮನಸ್ಸು ಒಂದು ಪ್ರದಕ್ಷಿಣೆ ಮುಗಿಯುವಷ್ಟರಲ್ಲಿ ಮೂವತ್ತು ತಾಳಿರುತ್ತದೆ. ನವರಾತ್ರಿಯಲ್ಲಂತೂ ಇನ್ನೂ ಸಲೀಸು. ಹೆಸರು ಬರೆಸಿ ಅಖಂಡ ಜ್ಯೋತಿ ಹಚ್ಚಿಸಿದರಾಯಿತು. ಒಂಬತ್ತು ದಿನ ನಮ್ಮ ಪರವಾಗಿ ದೀಪವೇ ಏಕಾಗ್ರಚಿತ್ತದಿಂದ ಕೂರುತ್ತದೆ, ನಾವು ತರ್ರಿ ಪೋಹಾ ತಿನ್ನಲು ಹೋಗಬಹುದು.

ಅದೇ ಊರಿನ ಉಷ್ಣವಿದ್ಯುತ್ ಸ್ಥಾವರದಲ್ಲಿ 660 ಮೆಗಾವಾಟಿನ ಮೂರು ಘಟಕಗಳಿವೆ. ಅಲ್ಲಿ ರಾತ್ರಿಪಾಳಿಯವರು ಉಗಿಯ ಒತ್ತಡದ ಅಂಕಿಯಿಂದ ಕಣ್ಣು ಕೀಳುವಂತಿಲ್ಲ, ರೆಪ್ಪೆ ಅಂಟಿದರೆ ಕೆಲಸಕ್ಕೇ ಕುತ್ತು. ನಮ್ಮಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ತೆರೆದೇ ನೋಡುವುದಿಲ್ಲವೇ? ಇದೂ ಅದರ ದೂರದ ನಂಟು ಅಂದರೆ ಹಿರಿಯರು ಬೈದಾರು. ಬೈಯಲಿ, ನನ್ನ ಓಟು ಪಾಳಿಯವರಿಗೇ.

ಇನ್ನು ವಿಪಶ್ಯನದವರು. ಬರ್ಮಾದಲ್ಲಿ ಹುಟ್ಟಿ ಬೆಳೆದ ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಕಲಿಸಿದ ಧ್ಯಾನವಿದ್ಯೆ. ನಾಗಪುರದ ಹತ್ತಿರ ಮಾಹುರ್‌ಝರಿಯಲ್ಲಿ ಅದರ ಕೇಂದ್ರ 'ಧಮ್ಮ ನಾಗ' ಇದೆ. ಹತ್ತು ದಿನದ ಮೌನ ಶಿಬಿರ, ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ಹೊಸಬರಿಗೆ ಸಂಜೆ ಚಹಾ, ಒಂದಿಷ್ಟು ಹಣ್ಣು, ಅಷ್ಟೆ. ಹೋಗಿಬಂದವರು ಮಾತ್ರ ಆ ಹತ್ತು ದಿನದ ಮಾತನ್ನೆಲ್ಲ ಬಡ್ಡಿಸಮೇತ ನಮ್ಮ ಕಿವಿಯಿಂದ ವಸೂಲಿ ಮಾಡುತ್ತಾರೆ. ಉಸಿರು ಮೂಗಿನ ಎಡ ಹೊಳ್ಳೆಯಲ್ಲಿ ಹೋಯಿತೋ ಬಲದಲ್ಲೋ ಎಂಬ ವರದಿ ಮುಗಿಯುವ ಹೊತ್ತಿಗೆ ಕೇಳುವವರ ಉಸಿರು ಕಟ್ಟಿರುತ್ತದೆ.

ಆದರೆ ಕೋರಾಡಿಗೆ ಹತ್ತಿರದ ಕಾಮ್ಠಿಯಲ್ಲಿ ಡ್ರ್ಯಾಗನ್ ಪ್ಯಾಲೇಸ್ ಬುದ್ಧವಿಹಾರವಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರ ಜತೆ ಬೌದ್ಧ ದೀಕ್ಷೆ ಪಡೆದವರ ಮೊಮ್ಮಕ್ಕಳು ಬುದ್ಧನೆದುರು ಸುಮ್ಮನೆ ಕೂತರೆ, ಅದು ಬರೀ ಮನಶ್ಶಾಂತಿಯ ಮಾತಲ್ಲ. ಗುಡಿಯ ಬಾಗಿಲಾಚೆಯೇ ನಿಲ್ಲಬೇಕಾಗಿದ್ದವರ ಮನೆಯವರು ಯಾರ ಅಪ್ಪಣೆಯನ್ನೂ ಕೇಳದೆ ನಡುಮನೆಯಲ್ಲಿ ಕೂತ ಹಾಗೆ. ಅಲ್ಲಿ ನನ್ನ ಕುಚೋದ್ಯ ನಡೆಯುವುದಿಲ್ಲ, ನಡೆಯಲೂ ಬಾರದು.

ಉಳಿದವರನ್ನು ಬಿಡುವುದಿಲ್ಲ. ಡಿಸೆಂಬರ್ 21 ವಿಶ್ವ ಧ್ಯಾನ ದಿನವೆಂದು ವಿಶ್ವಸಂಸ್ಥೆ 2024ರಲ್ಲೇ ಸಾರಿದೆ. ಅವತ್ತು ನೀವೂ ಕೂರಿ, ಧಾರಾಳವಾಗಿ ಕೂರಿ. ಕೂತ ಫೋಟೋ ಮಾತ್ರ ನಮ್ಮ ವಾಟ್ಸಾಪಿಗೆ ಕಳಿಸಬೇಡಿ, ದಮ್ಮಯ್ಯ.