ಬಸವಿಯ ಮನೆಗೆ ಬಂದುಹೋದ ದೊಡ್ಡ ಮನುಷ್ಯರಿಗೆ

ಶ್ರೀಯುತರಿಗೆ ಸಾಷ್ಟಾಂಗ ನಮಸ್ಕಾರಗಳು.

ಸ್ವಾಮಿ, ತಮ್ಮ ಉಪಕಾರವನ್ನು ನಮ್ಮ ರಾಯದುರ್ಗದ ಕಡೆಯ ಕೇರಿಗಳು ಮರೆತಿಲ್ಲ. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರ ಹೆಸರಲ್ಲಿ ಬಸವಿ ಬಿಟ್ಟರೆ, ಹೆತ್ತವರ ಆಸ್ತಿಗೂ ಕರ್ಮಕ್ಕೂ ಅವಳೇ ಗಂಡುಮಗನಂತೆ ಹಕ್ಕುದಾರಳಾಗುತ್ತಿದ್ದಳು. ಕೂಲಿ ಮಾಡುವವರ ಮನೆಯಲ್ಲಿ ಆಸ್ತಿ ಎಲ್ಲಿಂದ ಬರಬೇಕು? ಅವಳ ಪಾಲಿಗೆ ಬಂದದ್ದು ಕೊರಳ ಮುತ್ತು, ಕತ್ತಲಾದ ಮೇಲೆ ಬರುವ ತಾವು. ಸೀರೆ ಕೊಡಿಸಿದಿರಿ, ಹಬ್ಬಕ್ಕೆ ಒಂದು ಮೂಟೆ ಕಡ್ಲೆಕಾಯಿ ಕಳಿಸಿದಿರಿ. ಋಣಿಗಳು. ಅವಳಿಗೆ ವಯಸ್ಸಾಗುತ್ತಲೇ ಅದೂ ನಿಂತಿತು.

ಕಾನೂನಿಗೂ ತಮ್ಮ ಮೇಲೆ ಬಹಳ ದಯೆ. ನಮ್ಮ ರಾಯದುರ್ಗ ಮದರಾಸು ಸರ್ಕಾರದ ಕೆಳಗಿದ್ದಾಗ, 1947ರಲ್ಲೇ, ದೇವರ ಹೆಸರಲ್ಲಿ ಹೆಣ್ಣು ಬಿಡುವುದಕ್ಕೆ ನಿಷೇಧ ಬಂತು. 1988ರಲ್ಲಿ ಆಂಧ್ರ ಸರ್ಕಾರ ಮತ್ತೆ ನಿಷೇಧಿಸಬೇಕಾಯಿತು. ನಲವತ್ತು ವರ್ಷ ಪದ್ಧತಿಯನ್ನು ಕೈಬಿಡದೆ ಕಾಪಾಡಿದ ತಮಗೆ ಇನ್ನೊಂದು ನಮಸ್ಕಾರ.

ಬಸವಿ ಹೊಟ್ಟೆಪಾಡಿಗೆ ಬೀದಿಗಿಳಿದರೆ ಇನ್ನೊಂದು ಕಾನೂನು ಕಾದಿದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಮೈ ಮಾರಿಕೊಳ್ಳುವುದನ್ನೇ ಅಪರಾಧ ಎನ್ನುವುದಿಲ್ಲ. ಆದರೆ ರಸ್ತೆಯಲ್ಲಿ ನಿಂತು ಗಿರಾಕಿಯನ್ನು ಕರೆದ ಹೆಂಗಸಿಗೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಸೆರೆ. ಅದೇ ತಪ್ಪು ಮಾಡಿದ ಗಂಡಸಿಗೆ ಹೆಚ್ಚೆಂದರೆ ಮೂರು ತಿಂಗಳು. ಮೈ ಮಾರಿಕೊಳ್ಳುವ ಹೆಂಗಸರಿಗೂ ಘನತೆಯಿಂದ ಬಾಳುವ ಹಕ್ಕಿದೆ, ದಾಳಿಯಾದಾಗ ಅವರ ಗುರುತು ಬಯಲು ಮಾಡಬೇಡಿ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ತಮ್ಮ ಗುರುತನ್ನು ಮುಚ್ಚಿಡಲು ಯಾವ ಕೋರ್ಟೂ ಹೇಳಬೇಕಾಗಿರಲಿಲ್ಲ. ಊರೇ ಅದನ್ನು ಜೋಪಾನ ಮಾಡಿದೆ. ಜಾತ್ರೆಯಲ್ಲಿ ಮೊದಲ ಕಾಯಿ ಒಡೆಯುವವರು ತಾವು. ಅವಳ ಮಗಳಿಗೆ ಗಂಡು ಹುಡುಕುವಾಗ ‘ಅವರು ಎಂಥವರು ಗೊತ್ತಲ್ಲ’ ಎಂದು ಸಂಬಂಧ ಮುರಿಯುವವರೂ ತಾವೇ.

ಬಿನ್ನಹ ಒಂದಿದೆ. ಶಾಲೆಯ ಅರ್ಜಿಯಲ್ಲಿ ‘ತಂಡ್ರಿ ಪೇರು’, ಅಂದರೆ ತಂದೆಯ ಹೆಸರು, ಅಂತ ಒಂದು ಗೆರೆ ಇರುತ್ತದೆ. ಅಲ್ಲಿಗೆ ಬಂದಾಗ ಬಸವಿಯ ಮಗನ ಪೆನ್ನು ನಿಲ್ಲುತ್ತದೆ. ಅವನು ತಾಯಿಯ ಮುಖ ನೋಡುತ್ತಾನೆ, ತಾಯಿ ಮೇಷ್ಟ್ರ ಮುಖ ನೋಡುತ್ತಾಳೆ, ಕೊನೆಗೆ ತಾತನ ಹೆಸರು ಬೀಳುತ್ತದೆ. ಅದೇ ಶಾಲೆಯ ಕಾಂಪೌಂಡಿನ ಕಲ್ಲಿನಲ್ಲಿ ದಾನಿಗಳೆಂದು ತಮ್ಮ ಹೆಸರನ್ನು ಕೆತ್ತಿದ್ದಾರೆ. ಅದನ್ನು ಈ ಗೆರೆಯ ಮೇಲೂ ಬರೆದು ಸಹಿ ಹಾಕಿಕೊಡಬೇಕು. ಮದುವೆಯಿಲ್ಲದೆ ಹುಟ್ಟಿದ ಮಗುವಿಗೂ ತಂದೆ ಜೀವನಾಂಶ ಕೊಡಬೇಕೆಂದು ಕಾನೂನಿದೆ. ಅದನ್ನೂ ಲೆಕ್ಕ ಹಾಕಿ ತರಬೇಕು. ಕೇಸು ಹಾಕಲು ಅವಳ ಹತ್ತಿರ ಬಸ್ ಚಾರ್ಜಿಗೂ ದುಡ್ಡಿಲ್ಲ.

ಜೂನ್‌ನಲ್ಲಿ ಶಾಲೆ ಶುರು. ಅಷ್ಟರೊಳಗೆ, ಈ ಸಲ ಹಗಲಿನಲ್ಲೇ ದಯಮಾಡಿಸಬೇಕು.

ಇಂತಿ ತಮ್ಮ ವಿಧೇಯ,
ರಾಯದುರ್ಗದವನು