ಶ್ರೀಮಾನ್ ಜೋಡಿ ಬೆಂಚಿನೊಡನೆ ಸಂದರ್ಶನ

ವರ್ತೂರಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಕೂಡಿ ಕಲಿಯುವ ನಲಿ-ಕಲಿ ಕೊಠಡಿಗೆ, ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರ್ ಕಂಪನಿಯೊಂದು ದಯಪಾಲಿಸಿದ ಕಬ್ಬಿಣದ ಜೋಡಿ ಬೆಂಚುಗಳು ಬಿಜಯಂಗೈದ ತರುವಾಯ, ಅದುವರೆಗೆ ನೆಲದ ಜಮಖಾನದ ಮೇಲೆ ದುಂಡಗೆ ಕುಳಿತು ಪರಸ್ಪರರ ಮುಖವನ್ನು ಕಾಣುತ್ತಿದ್ದ ಬಾಲಕ ಬಾಲಿಕೆಯರು ಈಗ ಮುಂದಿನವರ ಜಡೆಯನ್ನೂ ಕುತ್ತಿಗೆಯನ್ನೂ ಅವಲೋಕಿಸುತ್ತ ವಿದ್ಯಾರ್ಜನೆ ಮಾಡುತ್ತಿರುವರೆಂಬ ವಾರ್ತೆಯನ್ನು ಕೇಳಿ, ಶಾಲೆ ಬಿಟ್ಟ ಬಳಿಕ ಮೊದಲನೆಯ ಸಾಲಿನ ಬೆಂಚನ್ನು ಭೇಟಿಯಾದೆವು.

ನಾವು: ತಮ್ಮ ಜನ್ಮವೃತ್ತಾಂತವನ್ನು ತಿಳಿಸೋಣವಾಗಲಿ.

ಬೆಂಚು: ಜನನ ಪೀಣ್ಯದ ಒಂದು ಶೆಡ್ಡಿನಲ್ಲಿ. ಕೂರುವ ಹಲಗೆಯನ್ನೂ ಬರೆಯುವ ಹಲಗೆಯನ್ನೂ ಒಂದೇ ಚೌಕಟ್ಟಿಗೆ ವೆಲ್ಡಿಂಗ್ ಮಾಡಿರುವುದರಿಂದ, ನನ್ನ ಮೇಲೆ ಕುಳಿತವನು ಹಿಂದಿನವನ ಪುಸ್ತಕವನ್ನು ನೋಡಬೇಕೆಂದರೆ ಕತ್ತನ್ನು ತಿರುಗಿಸಬಲ್ಲನೇ ಹೊರತು ಕಾಲನ್ನು ತಿರುಗಿಸಲಾರನು. ಬೆತ್ತಕ್ಕೆ ಸಾಧ್ಯವಾಗದ ಶಿಸ್ತನ್ನು ನಾನು ಸಾಧಿಸಿದ್ದೇನೆ.

ನಾವು: ತಮ್ಮ ಆಗಮನಕ್ಕೆ ಮುನ್ನ ಇಲ್ಲಿನ ಸ್ಥಿತಿ ಹೇಗಿತ್ತು?

ಬೆಂಚು: ಅರಾಜಕತೆ, ಸ್ವಾಮಿ! 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟರುಗಳು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು ಆರಂಭಿಸಿದ ಈ ನಲಿ-ಕಲಿಯಲ್ಲಿ ಮಕ್ಕಳಿಗೆ ಐದು ಗುಂಪು. ಶಿಕ್ಷಕರ ಪಕ್ಕದಲ್ಲಿ ಕುಳಿತು ಕಲಿಯುವವರು, ಗೆಳೆಯನ ನೆರವಿನಿಂದ ಕಲಿಯುವವರು, ತಮ್ಮ ಪಾಡಿಗೆ ತಾವೇ ಕಲಿಯುವವರು ಇತ್ಯಾದಿಯಾಗಿ ಅವರವರ ಅಗತ್ಯಕ್ಕೆ ತಕ್ಕಂತೆ ವಿಂಗಡಣೆ; ಒಂದು ಕಲಿಕೆಯ ಕಾರ್ಡು ಮುಗಿದೊಡನೆ ಮಗು ಎದ್ದು, ಯಾರ ಅಪ್ಪಣೆಯನ್ನೂ ಬೇಡದೆ, ಮತ್ತೊಂದು ಗುಂಪಿಗೆ ನಡೆದುಬಿಡುವುದು! ತಲೆಯ ಮೇಲೆ ದಾರಕ್ಕೆ ಕಟ್ಟಿದ ಚಿತ್ರಗಳ ಚಪ್ಪರ, ಗೋಡೆಯ ಬುಡದಲ್ಲಿ ಮಕ್ಕಳೇ ಬರೆಯುವ ಕಪ್ಪುಹಲಗೆ. ತನಿಖೆಗೆ ಬಂದ ಅಧಿಕಾರಿಗಳು ಮಕ್ಕಳ ನಡುವೆ ಕುಳಿತ ಮೇಷ್ಟರನ್ನು ಹುಡುಕಬೇಕಾಗಿತ್ತು. ಈಗ ಆ ತೊಂದರೆಯಿಲ್ಲ; ಬುಡದ ಹಲಗೆಗೆ ನಾವು ಅಡ್ಡ ನಿಂತಿದ್ದೇವೆ, ಮೇಷ್ಟರು ಎದುರಿಗೆ ನಿಂತಿದ್ದಾರೆ.

ನಾವು: ಕೇರಳದಲ್ಲಿ ‘ಸ್ಥಾನಾರ್ಥಿ ಶ್ರೀಕುಟ್ಟನ್’ ಎಂಬ ಚಲನಚಿತ್ರವನ್ನು ಕಂಡು, 2025ರಲ್ಲಿ ಕೆಲವು ಶಾಲೆಗಳವರು ತಮ್ಮ ಬಂಧುಗಳಾದ ಬೆಂಚುಗಳನ್ನು ಗೋಡೆಯ ಪಕ್ಕಕ್ಕೆ ಸರಿಸಿ, ಕುದುರೆಲಾಳದ ಆಕಾರದಲ್ಲಿ ಜೋಡಿಸಿ, ಹಿಂದಿನ ಸಾಲೆಂಬುದನ್ನೇ ಇಲ್ಲವಾಗಿಸಿದರಂತೆ?

ಬೆಂಚು: ಕುಲಗೇಡಿಗಳು. ಆದರೂ ಒಂದು ಮಾತು: ಲಾಳದ ನಡುವೆ ಖಾಲಿ ಬಿಡುವ ಜಾಗವನ್ನು ಕೊಡುವವರು ಯಾರು? ಪಕ್ಕದ ಗೋಡೆಗೆ ಒರಗಿದ ಮಗು ದಿನವಿಡೀ ಕತ್ತು ಹೊರಳಿಸಿ ಕಪ್ಪುಹಲಗೆ ನೋಡಬೇಕಲ್ಲ?

(ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಇಕ್ಕಟ್ಟಾದ ಕೊಠಡಿಯಲ್ಲಿ ಲಾಳವೂ ಒಂದು ಬಾಗಿದ ಸಾಲೇ. ಕೆಲಸಕ್ಕೆ ತಕ್ಕಂತೆ ಆಗಾಗ ಸರಿಸಲು ಬರುವ ಪೀಠವೇ ಮೇಲೆಂದು ನಮ್ಮ ಮತ. ಆ ದೃಷ್ಟಿಯಿಂದ ಹಳೆಯ ಜಮಖಾನಕ್ಕೆ ಸಮಾನವಾದುದು ಯಾವುದೂ ಇಲ್ಲ.)

ನಾವು: ತಮ್ಮನ್ನು ದಾನವಿತ್ತ ಕಂಪನಿಯ ಕಚೇರಿಯಲ್ಲಿ ದುಂಡು ಮೇಜು, ಚಕ್ರದ ಕುರ್ಚಿ, ಬರೆದು ಅಳಿಸುವ ಗಾಜಿನ ಗೋಡೆಗಳಿವೆಯೆಂದು ಕೇಳಿದ್ದೇವೆ.

ಬೆಂಚು: ಇರಲೇಬೇಕು. ಅವರು ಕೂಡಿ ಮಾತನಾಡಿದರೆ ಅದು ಸಹಯೋಗ. ಇಲ್ಲಿಯವರು ಮಾತನಾಡಿದರೆ ಗಲಾಟೆ, ಮಾನಿಟರು ಹೆಸರು ಬರೆಯುತ್ತಾನೆ.

ನಾವು: ಎರಡೆರಡು ಬೆಂಚು ಎದುರುಬದುರಾಗಿ ನಿಂತರೆ ನಾಲ್ವರಾದರೂ ಒಟ್ಟಿಗೆ ಕೂರಬಹುದಲ್ಲವೆ?

ಬೆಂಚು: ಶಾಂತಂ ಪಾಪಂ! ನನ್ನ ಮುಂಬದಿಯ ತಗಡಿನ ಮೇಲೆ ದಾನಿಗಳ ಹೆಸರನ್ನು ನೀಲಿಬಣ್ಣದಲ್ಲಿ ಬರೆಸಿರುವುದನ್ನು ತಾವು ನೋಡಲಿಲ್ಲವೆ? ಎಲ್ಲರೂ ಒಂದೇ ದಿಕ್ಕಿಗೆ ನಿಂತರೆ ಮಾತ್ರ ಅದು ಫೋಟೋದಲ್ಲಿ ಬೀಳುವುದು; ಎದುರುಬದುರಾದರೆ ಹೆಸರು ಹೆಸರನ್ನೇ ನೋಡಿಕೊಳ್ಳುತ್ತದೆ. ನಮ್ಮನ್ನು ತಿರುಗಿಸಲು ಅನುಮತಿ ಕೋರಿ ಹೆಡ್‌ಮಾಸ್ಟರು ಕಂಪನಿಗೆ ಪತ್ರ ಬರೆದಿದ್ದಾರೆ. ಉತ್ತರ ಬಂದಿಲ್ಲ. ವಿಷಯವನ್ನು ಚರ್ಚಿಸಲು ಅವರೆಲ್ಲರೂ ದುಂಡು ಮೇಜಿನ ಸುತ್ತ ಕುಳಿತಿದ್ದಾರಂತೆ.